ನೆರಳಿಗೊಂದೀಟು ಬಣ್ಣ

ಹಾಸ್ಟೆಲ್‌ನಲ್ಲಿ ನಮ್ಮನ್ನು ಯಾರೂ ಹೆಸರು ಹಿಡಿದು ಕರೆಯೋದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ. ಫಸ್ಟ್ ಇಯರ್‌ನ ಮೊದಲ ವಾರ ಸೀನಿಯರ್‌ಗಳು ಊರ ಹೆಸರಿಟ್ಟರು, ಅದೇ ಉಳಿಯಿತು. ನಾಲ್ಕು ತಾಲ್ಲೂಕು, ಒಂದೇ ಜಿಲ್ಲೆ, ಒಂದೇ ರೂಮು. ನಾಲ್ವರೂ ಇಂಗ್ಲಿಷ್ ಮೀಡಿಯಂ. ಕನ್ನಡ ಸಂಘದ ಪತ್ರಿಕೆಗೆ ಏನಾದರೂ ಬರೀರಿ ಅಂದಾಗ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ಸಿಂದಗಿ ಅಂದ, "ಆಯಿ ಕತಿನ ಬರಿಯೋಣಲೇ. ಮೂರು ಸಲ ಫೇಲ್ ಆಗೇವಿ, ಅದಕ್ಕಿಂತ ದೊಡ್ಡ ಕತಿ ಏನದ?"

ಹಾಗಾಗಿ ಇದು ಬಾಗೇವಾಡಿಯ ಆಯಿಯ ಮನೆಯ ಕತೆ. ಅವರು ಅವನ ಅಪ್ಪನ ತಾಯಿ, ಈಗ ನಮ್ಮೆಲ್ಲರಿಗೂ ಆಯಿ. ನೆರಳಿನಲ್ಲಿ ಬಣ್ಣದ ಗಿಡ ಬೆಳೆಸೋದು ಹೇಗೆ ಅಂತ ಇದರಲ್ಲಿ ಇದೆ. ಹೇಗೆ ಬೆಳೆಸಬಾರದು ಅನ್ನೋದು ಅದಕ್ಕಿಂತ ಜಾಸ್ತಿ ಇದೆ.

ಅವರ ಹಳೆಯ ಊರು ಕೃಷ್ಣಾ ನದಿ ದಂಡೆಯಲ್ಲಿತ್ತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಮುಂದೆ ಆ ಊರನ್ನು ತೆಗೆದುಕೊಂಡಿತು. ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಎಷ್ಟೋ ಮನೆಗಳಲ್ಲಿ ಈ ಮಾತು ಬರುತ್ತದೆ: "ನಮ್ಮೂರು ನೀರಾಗ ಐತಿ." ಹಳೆಯ ಮನೆಯ ಹಿತ್ತಲಲ್ಲಿ ಆಯಿಗೆ ಕಣಗಿಲೆ, ದಾಸವಾಳ, ಮಲ್ಲಿಗೆ, ಒಂದು ಪತ್ರಿ ಗಿಡ ಇದ್ದವಂತೆ. ಈಗಿನ ಮನೆ ಪುನರ್ವಸತಿ ಕೇಂದ್ರದ ಪ್ಲಾಟಿನಲ್ಲಿದೆ. ಮುಂದೆ ರಸ್ತೆ, ಹಿಂದೆ ಬೇರೆಯವರ ಮನೆ. ಉಳಿದದ್ದು ಉತ್ತರಕ್ಕೆ ಒಂದು ಸಂದಿ: ನಾಲ್ಕು ಅಡಿ ಅಗಲ, ಇಪ್ಪತ್ತು ಅಡಿ ಉದ್ದ. ಈ ಕಡೆ ಹನ್ನೊಂದು ಅಡಿಯ ಮನೆ ಗೋಡೆ, ಆ ಕಡೆ ಆರು ಅಡಿಯ ಸಿಮೆಂಟ್ ಕಾಂಪೌಂಡ್.

ಹೋದ ದೀಪಾವಳಿ ಹಿಂದಿನ ದೀಪಾವಳಿಗೆ ಆಯಿ ಬಚ್ಚಲಲ್ಲಿ ಕಾಲು ಜಾರಿ ಬಿದ್ದರು. ತೊಡೆಯ ಎಲುಬು ಮುರಿಯಿತು. ಆಪರೇಷನ್, ಆಮೇಲೆ ವಾಕರ್. ದಿನದ ಹೆಚ್ಚು ಹೊತ್ತು ಕೋಣೆಯ ಕಿಟಕಿ ಹತ್ತಿರ ಕುರ್ಚಿ. ಆ ಕಿಟಕಿ ತೆರೆಯೋದು ಈ ಸಂದಿಗೆ. ಕಾಣೋದು ಬೂದು ಬಣ್ಣದ ಕಾಂಪೌಂಡ್ ಒಂದೇ.

ರಜೆಗೆ ನಾವು ಹೋದಾಗ ರೊಟ್ಟಿ, ಶೇಂಗಾ ಚಟ್ನಿ ಊಟ ಮುಗಿದ ಮೇಲೆ ಆಯಿ ಹೇಳಿದ್ದು ಇಷ್ಟೇ: "ಯಪ್ಪಾ, ನೀವೆಲ್ಲಾ ಇಂಜಿನೇರ್ ಕಲಿಯಾಕತ್ತೀರಿ. ಆ ಸಂದ್ಯಾಗ ಒಂದೀಟು ಬಣ್ಣ ಬರೂವಂಗ ಮಾಡ್ರಿ."

ಬಣ್ಣ ಅಂದರೆ ಪೇಂಟೋ, ಗಿಡವೋ ಅಂತ ನಾವು ಕೇಳಲಿಲ್ಲ. ಗಿಡವೇ ಇರಬೇಕು ಅಂದುಕೊಂಡೆವು. ಇದು ಮೊದಲ ತಪ್ಪು.

ನೆರಳು ಒಂದು ತೊಂದರೆ ಅಂತ ನಮ್ಮ ಕಡೆ ಹೇಳಿದರೆ ಹಿರಿಯರು ನಗುತ್ತಾರೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯ ಜಿಲ್ಲೆ ನಮ್ಮದು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನವೇ ನಡೆದಿದೆ. ನೆರಳು ಮಾಡೋದು ಹೇಗೆ ಅಂತ ಎಲ್ಲರಿಗೂ ಗೊತ್ತು. ನೆರಳು ಇದ್ದಲ್ಲಿ ಏನು ಹಚ್ಚಬೇಕು ಅಂತ ಮುದ್ದೇಬಿಹಾಳ ತನ್ನ ಅಪ್ಪನನ್ನು ಫೋನಿನಲ್ಲಿ ಕೇಳಿದ. "ನೆರಳಾಗ ಹೊರಸು ಹಾಕ್ಕೊಂಡ ಮಲಗಬೇಕು" ಅಂತ ಉತ್ತರ ಬಂತು.

ಮೊದಲ ಪ್ರಯತ್ನ ಫೆಬ್ರವರಿಯಲ್ಲಿ. ಹಿಂದಿನ ವಾರ ನಾವು ಆಲಮಟ್ಟಿಯ ರಾಕ್ ಗಾರ್ಡನ್‌ಗೆ ಹೋಗಿದ್ದೆವು. ಅಲ್ಲಿನ ಹೂವಿನ ಮಡಿಗಳು ಕಣ್ಣಲ್ಲಿ ಹಾಗೇ ಇದ್ದವು. ವಿಜಯಪುರದ ಒಂದು ನರ್ಸರಿಗೆ ಹೋಗಿ ಹೂ ಬಿಟ್ಟಿದ್ದನ್ನೆಲ್ಲ ಕೈ ತೋರಿಸಿ ತಂದೆವು: ನಾಲ್ಕು ಗುಲಾಬಿ, ಎರಡು ದಾಸವಾಳ, ಸೇವಂತಿ, ಮೂರು ಕ್ರೋಟನ್. "ಬಿಸಲು ಬರ್ತದಲ್ರಿ ಜಾಗಾದಾಗ?" ಅಂತ ನರ್ಸರಿಯವರು ಕೇಳಿದರು. "ಹೂಂ, ಬೆಳಕು ಚಲೋ ಅದರಿ" ಅಂದ ಇಂಡಿ. ಅವನು ಸುಳ್ಳು ಹೇಳಲಿಲ್ಲ. ನಮ್ಮ ಕಣ್ಣಿಗೆ ಆ ಸಂದಿ ನಿಜವಾಗಿಯೂ ಬೆಳಕಾಗಿಯೇ ಕಾಣುತ್ತಿತ್ತು.

ಒಂದು ತಿಂಗಳಲ್ಲಿ ಫಲಿತಾಂಶ ಬಂತು. ಗುಲಾಬಿ ಉದ್ದಕ್ಕೆ ಸಣಕಲಾಗಿ ಬೆಳೆದು ಎಲೆ ಉದುರಿಸಿತು. ದಾಸವಾಳದ ಮೊಗ್ಗು ಬಿರಿಯದೆ ಬಿದ್ದವು. ಸೇವಂತಿಯಲ್ಲಿ ತಂದಾಗ ಇದ್ದ ಹೂ ಬಾಡಿದ ಮೇಲೆ ಮತ್ತೆ ಬರಲಿಲ್ಲ. ಕ್ರೋಟನ್ ಮಾತ್ರ ಸಾಯಲಿಲ್ಲ, ಆದರೆ ಹೊಸ ಎಲೆಗಳೆಲ್ಲ ಬರೀ ಹಸಿರು. ಕೆಂಪು, ಹಳದಿ ಎಲ್ಲಿ ಹೋದವು?

ಆಗ ನಾವು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅನ್ನೋದು ನೆನಪಾಯಿತು. ಫೋನಿನ ಮುಂದಿನ ಕ್ಯಾಮೆರಾ ಪಕ್ಕ ಬೆಳಕಿನ ಸೆನ್ಸರ್ ಇರುತ್ತದೆ, ಸ್ಕ್ರೀನ್ ತಾನೇ ಮಂಕಾಗೋದು ಅದರಿಂದ. ಅದನ್ನು ಓದುವ ಲಕ್ಸ್ ಮೀಟರ್ ಆಪ್ ಹಾಕಿಕೊಂಡೆವು. ಮನೆ ಮುಂದಿನ ರಸ್ತೆಯ ಬಿಸಿಲಲ್ಲಿ ಲಕ್ಷದ ಹತ್ತಿರ ಲಕ್ಸ್. ಸಂದಿಯಲ್ಲಿ ಆರು ಸಾವಿರ. ಫೋನಿನ ಸೆನ್ಸರ್ ಪೂರ್ತಿ ನಂಬೋ ಹಾಗಿಲ್ಲ, ಆದರೆ ಎರಡೂ ಕಡೆ ಒಂದೇ ಫೋನ್ ಇಟ್ಟು ಹೋಲಿಸಬಹುದು. ಸಂದಿಯಲ್ಲಿ ಇದ್ದದ್ದು ಬಿಸಿಲಿನ ಹದಿನಾರನೇ ಒಂದು ಪಾಲು.

ಆದರೂ ನಮಗೆ "ಚಲೋ ಬೆಳಕು" ಅನ್ನಿಸಿತ್ತು. ಯಾಕಂದರೆ ಕಣ್ಣು ಬೆಳಕನ್ನು ಲೀನಿಯರ್ ಆಗಿ ಅಳೆಯೋದಿಲ್ಲ, ಸುಮಾರಾಗಿ ಲಾಗರಿದಮ್ ಥರ ಅಳೆಯುತ್ತದೆ. ಶಬ್ದಕ್ಕೆ ಡೆಸಿಬಲ್ ಇದ್ದ ಹಾಗೆ. ಕಣ್ಣಿನ ಪಾಪೆ ಹಿಗ್ಗುತ್ತದೆ, ಒಳಗಿನ ಪರದೆ ಹೊಂದಿಕೊಳ್ಳುತ್ತದೆ, ನಮಗೆ ಗೊತ್ತೇ ಆಗೋದಿಲ್ಲ. ಗಿಡಕ್ಕೆ ಆ ಸೌಲಭ್ಯ ಇಲ್ಲ. ಅದಕ್ಕೆ ಬಿದ್ದಷ್ಟು ಬೆಳಕೇ ಊಟ. ಫೋಟೋಸಿಂಥೆಸಿಸ್ ಅಂತ ಶಾಲೆಯಲ್ಲಿ ಡಯಾಗ್ರಾಂ ಸಮೇತ ಬಾಯಿಪಾಠ ಮಾಡಿದ್ದೆವು (ಕನ್ನಡದಲ್ಲಿ ದ್ಯುತಿಸಂಶ್ಲೇಷಣೆ ಅಂತಾರೆ, ಈ ಲೇಖನಕ್ಕಾಗಿ ಹುಡುಕಿ ಕಲಿತದ್ದು). ಆದರೆ ಹೂ ಬಿಡೋದು ಗಿಡಕ್ಕೆ ಖರ್ಚಿನ ಕೆಲಸ, ಊಟ ಕಡಿಮೆ ಆದಾಗ ಮೊದಲು ಕೈಬಿಡೋದು ಅದನ್ನೇ ಅಂತ ನಮಗೆ ಹೊಳೆದಿರಲಿಲ್ಲ. ಕ್ರೋಟನ್ ಕತೆಯೂ ಅದೇ. ಬಿಸಿಲು ಜೋರಾಗಿದ್ದಾಗ ಎಲೆಯಲ್ಲಿ ಬಣ್ಣ ಏರುತ್ತದೆ. ಬೆಳಕು ಕಡಿಮೆ ಆದರೆ ಸಿಕ್ಕಷ್ಟನ್ನು ಹಿಡಿಯೋದಕ್ಕೆ ಹಸಿರನ್ನೇ ಹೆಚ್ಚು ಮಾಡಿಕೊಳ್ಳುತ್ತದೆ. ಬಣ್ಣ ಅದರ ಪಾಲಿಗೆ ಆಮೇಲಿನ ಮಾತು.

ಎರಡನೇ ಪ್ರಯತ್ನಕ್ಕೆ ನಾವು ಓದಿಕೊಂಡೇ ಹೋದೆವು. ಯೂಟ್ಯೂಬ್‌ನಲ್ಲಿ ನೆರಳಿನ ಗಿಡಗಳ ವಿಡಿಯೋ ಹತ್ತಿಪ್ಪತ್ತು ನೋಡಿದೆವು. ಎಲ್ಲರೂ ಹೇಳಿದ್ದು ಎರಡು ಮಾತು. ಒಂದು, ನೆರಳಲ್ಲಿ ಹೂವಿನ ಆಸೆ ಬಿಡಿ, ಎಲೆಯ ಬಣ್ಣ ಹುಡುಕಿ. ಎರಡು, ಮನೆಯ ಉತ್ತರ ದಿಕ್ಕು ವರ್ಷಪೂರ್ತಿ ತಂಪು, ಅಲ್ಲಿ ನೆರಳಿನ ಗಿಡ ಕಣ್ಣುಮುಚ್ಚಿ ಹಚ್ಚಿ.

ಮೊದಲ ಮಾತು ನಿಜ. ಕೋಲಿಯಸ್ ಅಂತ ಒಂದು ಗಿಡ ಇದೆ, ತುಳಸಿಯ ಬಳಗದ್ದು. ಕಾಂಡ ಮುಟ್ಟಿ ನೋಡಿದರೆ ಚೌಕಾಕಾರ ಗೊತ್ತಾಗುತ್ತದೆ. ನೆಗಡಿಗೆ ಹಿಂಡಿ ಕೊಡುವ ದೊಡ್ಡಪತ್ರೆ ಅದರ ಹತ್ತಿರದ ಸಂಬಂಧಿ. ಎಲೆಯಲ್ಲೇ ಕೆಂಪು, ಹಳದಿ, ತಿಳಿಹಸಿರು, ನೇರಳೆ. ಕ್ಯಾಲಾಡಿಯಂ ಕೆಸುವಿನ ಬಳಗ. ಹೃದಯದಾಕಾರದ ಬಿಳಿ ಎಲೆ, ಹಸಿರು ನರ, ಗುಲಾಬಿ ಚುಕ್ಕೆ. ರಿಯೋ ಮೇಲೆ ಹಸಿರು, ಕೆಳಗೆ ಅಚ್ಚ ನೇರಳೆ. ಪೀಸ್ ಲಿಲಿ ನೆರಳಲ್ಲೂ ಬಿಳಿ ಹೂ ಬಿಡುವ ಕೆಲವೇ ಗಿಡಗಳಲ್ಲಿ ಒಂದು. ನಾಲ್ವರೂ ಮೆಸ್ ಹೊರಗಿನ ತಿಂಡಿ ಬಿಟ್ಟು ಉಳಿಸಿದ ದುಡ್ಡಿನಲ್ಲಿ ಇವನ್ನೆಲ್ಲ ತಂದು, ಏಪ್ರಿಲ್ ಮೊದಲ ವಾರ ಕಿಟಕಿ ಕೆಳಗೆ, ಮನೆ ಗೋಡೆಗೆ ಹತ್ತಿ ಸಾಲಾಗಿ ಇಟ್ಟೆವು. ಫೋಟೋ ತೆಗೆದೆವು. ಸಿಂದಗಿ ಇನ್‌ಸ್ಟಾಗ್ರಾಂಗೆ ಹಾಕಿದ. ಇನ್ನೂರು ಲೈಕ್ ಬಂದವು.

ಆಯಿ ಕಿಟಕಿಯಿಂದ ನೋಡಿ, "ಬ್ಯಾಸಿಗ್ಯಾಗ ಈ ಕಡಿ ಬಿಸಲು ಬರತೈತಿ ತಮ್ಮಾ" ಅಂದರು.

"ಇಲ್ಲ ಆಯಿ, ಇದು ಉತ್ತರ. ಉತ್ತರಕ್ಕ ಬಿಸಲು ಬರೂದಿಲ್ಲ" ಅಂದ ಬಾಗೇವಾಡಿ.

ಆಯಿ ಸುಮ್ಮನಾದರು.

ಮೇ ಎರಡನೇ ವಾರ ಅವನ ತಂಗಿ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದಳು. ಕ್ಯಾಲಾಡಿಯಂ ಸುಟ್ಟ ಹಪ್ಪಳ. ಕೋಲಿಯಸ್ ಬಣ್ಣ ಹೋಗಿ, ಅಂಚು ಕಂದಾಗಿ, ಜೋತು ಬಿದ್ದಿತ್ತು. ಪೀಸ್ ಲಿಲಿ ನೆಲಕ್ಕೆ ಮಲಗಿತ್ತು. ಮಧ್ಯಾಹ್ನ ತೆಗೆದ ಫೋಟೋ ಅದು. ಕಿಟಕಿ ಕೆಳಗಿನ ಸಾಲಿನ ಮೇಲೆ ಬಿಸಿಲು ನೇರವಾಗಿ, ನಿಚ್ಚಳವಾಗಿ ಬಿದ್ದಿತ್ತು.

ಆ ರಾತ್ರಿ ರೂಮಿನಲ್ಲಿ ಜಗಳ ಆಯಿತು. ಯಾರು ನೀರು ಹಾಕಲು ಹೇಳಲಿಲ್ಲ, ಯಾರು ಯಾವ ವಿಡಿಯೋ ನಂಬಿದರು, ಯಾರ ದುಡ್ಡು ಎಷ್ಟು ಹೋಯಿತು. ಕೊನೆಗೆ ಮುದ್ದೇಬಿಹಾಳ ನೋಟ್‌ಬುಕ್ ತೆಗೆದು ಒಂದು ಚಿತ್ರ ಬರೆದ. ಹನ್ನೊಂದು ಅಡಿ ಗೋಡೆ, ನಾಲ್ಕು ಅಡಿ ಸಂದಿ, ಮೇಲೆ ಸೂರ್ಯ.

ಲೆಕ್ಕ ಪಿಯುಸಿ ಮಟ್ಟದ್ದು. ಬಾಗೇವಾಡಿ ಇರೋದು ಸುಮಾರು 16.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಡಿಸೆಂಬರ್‌ನಲ್ಲಿ 23.4 ಡಿಗ್ರಿ ದಕ್ಷಿಣಕ್ಕೆ ಹೋಗಿ, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ ಬರುತ್ತಾನೆ. ಡಿಸೆಂಬರ್ ಮಧ್ಯಾಹ್ನ ನಮ್ಮಲ್ಲಿ ಸೂರ್ಯ ನೆತ್ತಿಯಿಂದ 40 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಹನ್ನೊಂದು ಅಡಿ ಗೋಡೆಯ ನೆರಳು ಉತ್ತರಕ್ಕೆ ಒಂಬತ್ತು ಅಡಿಗಿಂತ ಹೆಚ್ಚು ಬೀಳುತ್ತದೆ. ಸಂದಿ ಪೂರ್ತಿ ನೆರಳು, ಕಾಂಪೌಂಡೂ ನೆರಳು. ಫೆಬ್ರವರಿಯಲ್ಲೂ ನೆರಳು ಆರಡಿ ದಾಟುತ್ತದೆ. ಮಾರ್ಚ್ 21ಕ್ಕೆ ಮೂರೂಕಾಲು ಅಡಿ. ಅಂದರೆ ಆಗಲೇ ಕಾಂಪೌಂಡ್ ಬುಡದಲ್ಲಿ ಮುಕ್ಕಾಲು ಅಡಿ ಬಿಸಿಲು ಬಂದಾಯಿತು. ಏಪ್ರಿಲ್ ಮಧ್ಯಕ್ಕೆ ನೆರಳು ಒಂದೂಕಾಲು ಅಡಿ ಮಾತ್ರ. ಮೇ ಮೊದಲ ವಾರ ಸೊನ್ನೆ. ಸೂರ್ಯ ಸರಿಯಾಗಿ ನೆತ್ತಿ ಮೇಲೆ.

ನೆರಳೇ ಬೀಳದ ಆ ದಿನ ನಮ್ಮ ನಾಲ್ಕೂ ಊರಿಗೆ ಒಂದೇ ಅಲ್ಲ. ಸೂರ್ಯ ದಕ್ಷಿಣದಿಂದ ಬರುತ್ತಾ ಮೊದಲು ಮುದ್ದೇಬಿಹಾಳದ ನೆತ್ತಿಗೆ, ಆಮೇಲೆ ಬಾಗೇವಾಡಿ, ಆಮೇಲೆ ಸಿಂದಗಿ, ಕಡೆಗೆ ಇಂಡಿ. ಮೂರ್ನಾಲ್ಕು ದಿನದಲ್ಲಿ ನಾಲ್ಕು ಊರು ದಾಟುತ್ತಾನೆ. ಆಗಸ್ಟ್ ಮೊದಲ ವಾರದ ಹೊತ್ತಿಗೆ ವಾಪಸ್ ಹೋಗುವಾಗ ಮೊದಲು ಇಂಡಿ, ಕಡೆಗೆ ಮುದ್ದೇಬಿಹಾಳ. ನಡುವಿನ ಮೂರು ತಿಂಗಳು ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಅಂದರೆ ವರ್ಷದ ಅತಿ ಕೆಟ್ಟ ಬಿಸಿಲಿನ ಕಾಲಕ್ಕೆ ಉತ್ತರದ ಸಂದಿ ನೆರಳೇ ಅಲ್ಲ!

ವಿಡಿಯೋದವರು ಸುಳ್ಳು ಹೇಳಿರಲಿಲ್ಲ. ನಾವು ನೋಡಿದ್ದರಲ್ಲಿ ಹೆಚ್ಚಿನವರು ಅಮೆರಿಕದವರು, ಇಬ್ಬರು ದೆಹಲಿಯವರು. ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆ ಮಧ್ಯಾಹ್ನದ ಸೂರ್ಯ ಯಾವತ್ತೂ ಉತ್ತರಕ್ಕೆ ಬರೋದಿಲ್ಲ. ಅವರ ಉತ್ತರ ನಿಜವಾಗಿಯೂ ತಂಪು. ನಮ್ಮ ಉತ್ತರ ಬೇರೆ. ಇದನ್ನು ಕಂಡುಹಿಡಿಯಲು ನಮಗೆ ತ್ರಿಕೋನಮಿತಿ ಬೇಕಾಯಿತು. ಆಯಿಗೆ ಆರು ವರ್ಷ ಅದೇ ಕೋಣೆಯಲ್ಲಿ ಮಲಗಿದ್ದು ಸಾಕಾಗಿತ್ತು.

ಜೂನ್‌ನಲ್ಲಿ ನಾಲ್ವರೂ ಮತ್ತೆ ಹೋದೆವು. ಆಯಿ ಬೈಯಲಿಲ್ಲ. ಅದೇ ಹೆಚ್ಚು ಕಷ್ಟ ಆಯಿತು. ಸಾಯದೆ ಉಳಿದದ್ದು ರಿಯೋ ಒಂದೇ. "ಆಯಿ, ಇದರ ಬಣ್ಣ ನೋಡ್ರಿ, ಎಷ್ಟು ಚಂದ ನೇರಳೆ" ಅಂದೆವು. ಆಯಿ ಕಣ್ಣು ಕಿರಿದು ಮಾಡಿ ನೋಡಿ, "ಕರ್ರಗ ಕಾಣತೈತಲ್ಲೋ" ಅಂದರು.

ಆಯಿಯ ಎರಡೂ ಕಣ್ಣಿಗೆ ಪೊರೆ ಇದೆ. ಪೊರೆ ಬಂದ ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ನೀಲಿ, ನೇರಳೆ ಬೆಳಕನ್ನು ಅದು ತಡೆಯುತ್ತದೆ, ಒಳಗೆ ಹೋಗಲು ಬಿಡೋದಿಲ್ಲ. ಸರಿಯಾದ ಕಣ್ಣಿದ್ದವರಿಗೂ ಮಂದ ಬೆಳಕಲ್ಲಿ ಗಾಢ ಕೆಂಪು, ನೇರಳೆಗಳು ಕಪ್ಪಿನ ಕಡೆ ಜಾರುತ್ತವೆ. ನಮ್ಮ ಫೋಟೋದಲ್ಲಿ ಅದು ಹೊಳೆದದ್ದು ಫೋನ್ ತಾನೇ ಬೆಳಕು ಏರಿಸಿ ತೆಗೆದದ್ದರಿಂದ. ಇನ್ನೂರು ಲೈಕ್ ಬಂದ ಬಣ್ಣ, ಯಾರಿಗಾಗಿ ಹಚ್ಚಿದೆವೋ ಅವರಿಗೆ ಕಾಣಿಸಿಯೇ ಇರಲಿಲ್ಲ. ನಾವು ಇಷ್ಟು ದಿನ ಗಿಡ ಆರಿಸಿದ್ದು ನಮ್ಮ ಫೋನಿಗೆ.

ಅವತ್ತು ಮೊದಲ ಸಲ ನಾವು ಕೇಳಿದೆವು: "ಆಯಿ, ನಿಮಗ ಏನ್ ಬೇಕ್ರಿ?"

ಆಯಿ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. ದಿನಾ ಬೆಳಿಗ್ಗೆ ಲಿಂಗಪೂಜೆಗೆ ಹೂ ಬೇಕು. ಮೊದಲು ತಾವೇ ಓಣಿಯಲ್ಲಿ ಅಡ್ಡಾಡಿ ನಾಲ್ಕು ಹೂ ತರುತ್ತಿದ್ದರು. ಬಿದ್ದ ಮೇಲೆ ಪಕ್ಕದ ಮನೆ ಹುಡುಗಿ ಶಾಲೆಗೆ ಹೋಗುವಾಗ ಕಿಟಕಿಯಲ್ಲಿ ಇಟ್ಟು ಹೋಗುತ್ತಾಳೆ. ಒಂದು ದಿನ ಮರೆಯುತ್ತಾಳೆ. ಕರೆದು ಕೇಳಬೇಕು. "ಎಪ್ಪತ್ತು ವರ್ಷ ನನ್ನ ಕೈಲೆ ಹರದ ಹೂ ಏರಿಸೇನಿ. ಈಗ ದೇವರ ಹೂವಿಗೂ ಮಂದಿ ಮುಂದ ಕೈ ಚಾಚೂದಾತು." ಹಾಗಂದು ಸೀರೆ ಸೆರಗು ಸರಿ ಮಾಡಿಕೊಂಡು ಬೇರೆ ಕಡೆ ನೋಡಿದರು.

ಬಣ್ಣ ಬೇಕು ಅಂದಿದ್ದರ ಹಿಂದೆ ಇಷ್ಟು ಇತ್ತು. ನಾವು ಹೂವಿನ ಆಸೆ ಬಿಡಿ ಅನ್ನೋ ವಿಡಿಯೋ ನೋಡಿ ಎಲೆ ತಂದಿದ್ದೆವು.

"ಮತ್ತ ಮೊದಲ ಹೇಳಿದ್ನೆಲ್ಲೋ," ಆಯಿ ಮುಂದುವರಿಸಿದರು, "ಆ ಗ್ವಾಡಿಗೆ ಸುಣ್ಣಾ ಹಚ್ಚರಿ ಅಂತ. ಬಣ್ಣಾ ಅಂದ್ರ ಏನ ತಿಳದಿರಿ?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಬಣ್ಣ ಅಂದರೆ ಗಿಡ ಹೌದು, ಗೋಡೆಯೂ ಹೌದು.

ಮೂರನೇ ಪ್ರಯತ್ನ ಅವತ್ತೇ ಶುರು. ಇಂಡಿ ಮತ್ತು ಬಾಗೇವಾಡಿ ಸುಣ್ಣ ತಂದು ನೆನೆಸಿ, ಕಾಂಪೌಂಡಿನ ಒಳಬದಿಗೆ ಎರಡು ಕೈ ಹೊಡೆದರು. ಬೂದು ಸಿಮೆಂಟ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚಿನದನ್ನು ನುಂಗುತ್ತದೆ, ಸುಣ್ಣ ಹೆಚ್ಚಿನದನ್ನು ವಾಪಸ್ ಕೊಡುತ್ತದೆ. ಒಂದು ಮೋಡದ ದಿನ ಹಚ್ಚುವ ಮೊದಲು, ಒಣಗಿದ ಮೇಲೆ ಹಾಗೇ ಮೋಡವಿದ್ದ ಇನ್ನೊಂದು ದಿನ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಲಕ್ಸ್ ನೋಡಿದೆವು. ಸುಮಾರು ಒಂದೂವರೆ ಪಟ್ಟು ಆಗಿತ್ತು. ನೂರೈವತ್ತು ರೂಪಾಯಿ ಖರ್ಚು. ಇಡೀ ವರ್ಷದಲ್ಲಿ ನಾವು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಇದೇ. ಅದೂ ನಮ್ಮ ಐಡಿಯಾ ಅಲ್ಲ.

ಆಮೇಲೆ ಮಣ್ಣು. ನಮ್ಮ ಎರಿ ಮಣ್ಣು ಜೋಳಕ್ಕೆ ಬಂಗಾರ, ಕುಂಡಕ್ಕೆ ಶತ್ರು. ನೀರು ಹಿಡಿದುಕೊಂಡರೆ ಬಿಡೋದಿಲ್ಲ. ನೆರಳಲ್ಲಿ ನೀರು ಆರೋದೂ ನಿಧಾನ, ಬೇರು ಕೊಳೆಯುತ್ತದೆ. ನೆರಳಿನ ಗಿಡ ಹೆಚ್ಚಾಗಿ ಸಾಯೋದು ಬಾಯಾರಿ ಅಲ್ಲ, ನೀರು ಹೆಚ್ಚಾಗಿ. ಹಾಗಾಗಿ ಒಂದು ಪಾಲು ಎರಿ, ಒಂದು ಪಾಲು ಮಸಾರಿ, ಒಂದು ಪಾಲು ಉಸುಕು, ಒಂದು ಪಾಲು ಹಳೆಯ ತಿಪ್ಪೆ ಗೊಬ್ಬರ. ಬೆರಳು ಒಂದು ಗೆಣ್ಣು ಊರಿ ನೋಡಿ, ಒಣಗಿದ್ದರೆ ಮಾತ್ರ ನೀರು.

ಈ ಸಲ ನರ್ಸರಿಗೆ ಹೋಗಲಿಲ್ಲ. ನಾಲ್ವರೂ ನಮ್ಮ ನಮ್ಮ ಮನೆಗೆ ಫೋನ್ ಹಚ್ಚಿ, ನೆರಳಲ್ಲಿ ಏನೇನು ಬದುಕಿದೆ ನೋಡಿ ಹೇಳಿ ಅಂದೆವು. ಹೀಗೆ ಕೇಳಬೇಕಿತ್ತು ಮೊದಲೇ.

ಸಿಂದಗಿಯಿಂದ ಬಂದದ್ದು ಅಬ್ಬಲಗಿ. ದಕ್ಷಿಣದವರು ಕನಕಾಂಬರ ಅನ್ನುತ್ತಾರೆ. ಅವನ ತಾಯಿ ನೀರಿನ ಟಾಕಿಯ ಮರೆಯಲ್ಲಿ, ದಿನಕ್ಕೆ ಎರಡು ತಾಸು ಬಿಸಿಲೂ ಬಾರದ ಕಡೆ, ವರ್ಷಗಳಿಂದ ಬೆಳೆಸಿದ್ದಾರೆ. ಇದು ದಕ್ಷಿಣ ಭಾರತ, ಶ್ರೀಲಂಕಾ ಕಡೆಯದೇ ಗಿಡ. ಅರೆನೆರಳು ಅದಕ್ಕೆ ಸಾಕು. ಪೂರ್ತಿ ಕತ್ತಲಾದರೆ ಹೂ ಕಡಿಮೆ, ಆದರೆ ಸುಣ್ಣದ ಗೋಡೆ ಎದುರು ಇದ್ದರೆ ಬಿಡುತ್ತದೆ. ಮತ್ತು ಬಣ್ಣ ಕಿತ್ತಳೆ. ಪೊರೆ ಬಂದ ಕಣ್ಣಿಗೂ ತಪ್ಪದೆ ಕಾಣುವ ಬಣ್ಣ.

ಮುದ್ದೇಬಿಹಾಳದಿಂದ ಕೋಲಿಯಸ್ ಕಡ್ಡಿಗಳು ಬಂದವು. ಅವನ ಓಣಿಯಲ್ಲಿ ಎಣ್ಣೆ ಡಬ್ಬಿಗಳಲ್ಲಿ ಇದು ಯಾವಾಗಲೂ ಇತ್ತಂತೆ. "ಬಣ್ಣದೆಲಿ" ಅಂತಾರೆ, ಅದೇ ಕೋಲಿಯಸ್ ಅಂತ ಅವನಿಗೇ ಗೊತ್ತಿರಲಿಲ್ಲ. ಕಡ್ಡಿ ಮುರಿದು ನೀರಿನ ಗ್ಲಾಸಿನಲ್ಲಿ ಇಟ್ಟರೆ ವಾರ, ಹತ್ತು ದಿನದಲ್ಲಿ ಬೇರು. ಈ ಸಲ ಹಳದಿ, ತಿಳಿಹಸಿರು ಎಲೆಯದನ್ನೇ ಆರಿಸಿದೆವು. ತುದಿಯಲ್ಲಿ ಹೂಗೊಂಚಲು ಬಂದರೆ ಚಿವುಟಬೇಕು, ಇಲ್ಲಾಂದರೆ ಎಲೆ ಸಣ್ಣದಾಗುತ್ತದೆ.

ಇಂಡಿ ಅಂದರೆ ಲಿಂಬೆ. 2023ರಲ್ಲಿ ಜಿಐ ಟ್ಯಾಗ್ ಬಂದ ಮೇಲೆ ಅವನ ಮುಂದೆ ಯಾರೂ ಲಿಂಬೆ ಬಗ್ಗೆ ಹಗುರಾಗಿ ಮಾತಾಡೋ ಹಾಗಿಲ್ಲ. ಲಿಂಬೆಗೆ ಬಿಸಿಲು ಬೇಕು, ಇಲ್ಲಿ ನಡೆಯೋದಿಲ್ಲ. ಆದರೆ ಅವರ ತೋಟದ ಮನೆಯ ಹಿಂದೆ ಬಿಳಿ ಕ್ಯಾಲಾಡಿಯಂ ಇತ್ತು, ಗಡ್ಡೆ ಕಿತ್ತು ತಂದ. ಬಿಳಿ ಎಲೆ ಮಂದ ಬೆಳಕಲ್ಲಿ ದೀಪ ಇಟ್ಟ ಹಾಗೆ ಕಾಣುತ್ತದೆ. ಒಂದು ಎಚ್ಚರಿಕೆ: ಕ್ಯಾಲಾಡಿಯಂ, ಪೀಸ್ ಲಿಲಿ, ಮನಿ ಪ್ಲಾಂಟ್ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳು ಇರುತ್ತವೆ. ಮಕ್ಕಳು ಕಚ್ಚಿದರೆ ಬಾಯಿ ಉರಿದು ಊದುತ್ತದೆ. ಹಾಗಾಗಿ ಅದನ್ನು ಸಂದಿಯ ಒಳತುದಿಗೆ ಇಟ್ಟೆವು.

ಬೇಸಿಗೆಯ ಬಿಸಿಲಿಗೆ ಏನು ಮಾಡೋದು? ಹಸಿರು ನೆಟ್ ಕಟ್ಟೋಣ ಅಂತ ನಾವು. ಆಯಿ ಜೋಳದ ಕಣಿಕೆಯ ತಟ್ಟಿ ಕಟ್ಟಿಸಿ ಅಂದರು. ಏಪ್ರಿಲ್‌ನಲ್ಲಿ ಸಂದಿಯ ಮೇಲೆ ಅಡ್ಡ ಹಾಕಿದರೆ, ಮಳೆಗಾಲದ ಮೋಡ ಬರುವ ತನಕ ಸಾಕು. ಆಮೇಲೆ ದನಕ್ಕೆ ಹಾಕಬಹುದು. ನೆಟ್ ದನ ತಿನ್ನೋದಿಲ್ಲ. ಈ ವಾದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ತಟ್ಟಿಗೆ ಹೇಳಿ ಇಟ್ಟಿದ್ದೇವೆ.

ಕೊನೆಯ ಕೆಲಸಕ್ಕೆ ಅಳತೆ ಬೇಕಾಯಿತು. ಆಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಕಿಟಕಿ ಸರಳಿನ ನಡುವೆ ಕೈ ಚಾಚಿ ಅಂದೆವು. ಬೆರಳ ತುದಿ ಎಲ್ಲಿ ಬರುತ್ತದೆ ಅಂತ ಟೇಪ್ ಹಿಡಿದು ಅಳೆದೆವು. ಇಟ್ಟಿಗೆ ಜೋಡಿಸಿ ಕಟ್ಟೆ ಮಾಡಿ, ಅಬ್ಬಲಗಿಯ ಐದು ಕುಂಡಗಳನ್ನು ಆ ಎತ್ತರಕ್ಕೆ ಏರಿಸಿದೆವು. ಎರಡು ವರ್ಷದಲ್ಲಿ ನಾವು ಮಾಡಿದ ಪ್ರಾಜೆಕ್ಟ್‌ಗಳಲ್ಲಿ ಬಳಸುವವರ ಕೈಯನ್ನು ಅಳೆದದ್ದು ಇದೊಂದರಲ್ಲೇ.

ಅಬ್ಬಲಗಿ ಸೆಪ್ಟೆಂಬರ್‌ನಲ್ಲಿ ಮೊದಲ ತೆನೆ ಬಿಟ್ಟಿತು. ಬಾಗೇವಾಡಿಗೆ ತಂಗಿ ವಿಡಿಯೋ ಕಾಲ್ ಮಾಡಿದಳು. ನಾವು ಮೂವರೂ ಸ್ಕ್ರೀನಿಗೆ ತಲೆ ಹಾಕಿದೆವು. ಆಯಿ ಸರಳಿನಾಚೆ ಕೈ ಹಾಕಿ ಮೂರು ಹೂ ಬಿಡಿಸಿಕೊಂಡು ಅಂಗೈಯಲ್ಲಿ ಇಟ್ಟುಕೊಂಡರು. ಏನೂ ಮಾತಾಡಲಿಲ್ಲ. "ಪೂಜಾಕ್ಕ ಹೊತ್ತಾತು" ಅಂತ ಎದ್ದರು. ಕಾಲ್ ಹಾಗೇ ಇತ್ತು. ಖಾಲಿ ಕುರ್ಚಿ, ಕಿಟಕಿ, ಬಿಳಿ ಗೋಡೆ ನೋಡುತ್ತಾ ನಾವು ಸ್ವಲ್ಪ ಹೊತ್ತು ಕೂತಿದ್ದೆವು. ಮೊದಲ ಪೀರಿಯಡ್‌ಗೆ ಲೇಟ್ ಆಯಿತು, ಅಟೆಂಡೆನ್ಸ್ ಹೋಯಿತು.

ಎಲೆ ಗಿಡಗಳ ಬಗ್ಗೆ ನಮಗೆ ಒಂದು ಅಳುಕಿತ್ತು. ಹೂವಲ್ಲದ್ದಕ್ಕೆ ಆಯಿ ಏನಂತಾರೋ. ದಸರೆಗೆ ಹೋದಾಗ ನೋಡಿದರೆ ಪೂಜೆಯ ತಟ್ಟೆಯಲ್ಲಿ ಅಬ್ಬಲಗಿ ಜೊತೆ ಒಂದು ಹಳದಿ ಬಣ್ಣದೆಲೆಯೂ ಇತ್ತು. ಎಲೆ ಯಾಕೆ ಅಂತ ಕೇಳಿದೆವು. "ಪತ್ರಿ ಏರಸೂದಿಲ್ಲೇನು? ಅದೂ ಎಲಿನ" ಅಂದರು.

ಇದನ್ನು ಬರೆಯುತ್ತಿರುವುದು ಡಿಸೆಂಬರ್‌ನಲ್ಲಿ. ಗೋಡೆಯ ನೆರಳು ವರ್ಷದಲ್ಲೇ ಉದ್ದ ಇರುವ ಕಾಲ. ಕೋಲಿಯಸ್ ಬೆಳವಣಿಗೆ ನಿಧಾನ ಆಗಿದೆ. ಕ್ಯಾಲಾಡಿಯಂ ಎಲೆ ಒಣಗಿ ಮಾಯ. ಆಯಿ ಗಾಬರಿಯಾಗಿ ಫೋನ್ ಮಾಡಿಸಿದ್ದರು. ಸತ್ತಿಲ್ಲ, ಗಡ್ಡೆ ಮಣ್ಣಲ್ಲಿ ಮಲಗಿದೆ, ಬೇಸಿಗೆ ಹೊತ್ತಿಗೆ ಏಳುತ್ತದೆ, ಅಲ್ಲಿಯತನಕ ನೀರು ಬೇಡ ಅಂತ ಇಂಡಿ ಹೇಳಿದ. ಅಬ್ಬಲಗಿಯಲ್ಲೂ ದಿನಕ್ಕೆ ಎರಡು ಮೂರೇ ಹೂ. ಪೂಜೆಗೆ ಒಂದು ಸಾಕಂತೆ. ಪಕ್ಕದ ಮನೆ ಹುಡುಗಿಗೆ ಈಗ ಆಯಿಯೇ ಶುಕ್ರವಾರ ಮುಡಿಯಲು ಹೂ ಕೊಡುತ್ತಾರೆ.

ನಮ್ಮ ಹಾಸ್ಟೆಲ್ ಹಿಂಭಾಗ, ಮೆಸ್ ಮತ್ತು ಕಾಂಪೌಂಡ್ ನಡುವೆ ಇರುವ ಸಂದಿ ನೀವೆಲ್ಲ ನೋಡಿರುತ್ತೀರಿ. ಅಲ್ಲಿ ಮೂರು ಎಣ್ಣೆ ಡಬ್ಬಿಗಳಲ್ಲಿ ಹಳದಿ ಬಣ್ಣದೆಲೆ ಹಚ್ಚಿದ್ದೇವೆ. ಕಡ್ಡಿ ಬೇಕಾದವರು ಮುರಿದುಕೊಳ್ಳಬಹುದು, ಕೇಳೋದು ಬೇಡ. ತೆಗೆದುಕೊಂಡು ಹೋಗಿ ಇಡುವ ಮೊದಲು ಆ ಜಾಗಕ್ಕೆ ಮೇ ತಿಂಗಳಲ್ಲಿ ಬಿಸಿಲು ಬರುತ್ತದೋ ಅಂತ ಅಲ್ಲಿ ದಿನಾ ಕೂರುವ ಯಾರನ್ನಾದರೂ ಕೇಳಿ.

ಇನ್ನೊಂದು. ಅಬ್ಬಲಗಿಯ ಒಣಗಿದ ಕಾಯಿಗೆ ನೀರು ತಾಗಿದರೆ ಅದು ಚಟ್ ಅಂತ ಸಿಡಿದು ಬೀಜ ಹಾರಿಸುತ್ತದೆ. ಇದನ್ನು ಕಂಡುಹಿಡಿದದ್ದೂ ನಾವಲ್ಲ. ಸಂಜೆ ಆಯಿ ತಂಬಿಗೆಯಿಂದ ಅಂಗೈಯಲ್ಲಿ ನೀರು ತೆಗೆದುಕೊಂಡು ಸರಳಿನಾಚೆ ಕಾಯಿಗಳ ಮೇಲೆ ಚಿಮುಕಿಸಿ ಕಾಯುತ್ತಾ ಕೂರುತ್ತಾರಂತೆ. ಒಂದೊಂದೇ ಸಿಡಿಯುತ್ತವೆ. ಹೋದ ವಾರ ತಂಗಿ ಎಣಿಸಿ ಹೇಳಿದಳು: ಕಲ್ಲಿನ ಬಿರುಕಿನಲ್ಲಿ, ಸುಣ್ಣದ ಗೋಡೆ ಬುಡದಲ್ಲಿ, ಯಾರೂ ಹಚ್ಚದೆ ಎದ್ದ ಹದಿನಾಲ್ಕು ಸಸಿ.